ಸ್ಕ್ಯಾನಿನ ದಿನದ ಮೊಸರು ಸಕ್ಕರೆ

ಡೈರಿ ಬರೆಯುವವರಿಗೆ ಜ್ಞಾಪಕಶಕ್ತಿ ಜಾಸ್ತಿ ಎಂದು ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಉಲ್ಟಾ. ಎಂ.ಎ. ಪರೀಕ್ಷೆಯಲ್ಲಿ ಕೈಕೊಟ್ಟ ನೆನಪನ್ನು ನಾನು ಅಂದಿನಿಂದ ನಂಬಿಲ್ಲ, ಅದಕ್ಕೇ ಬರೆದಿಡುತ್ತೇನೆ. ಆದರೆ ಡೈರಿಯೂ ಪೂರ್ತಿ ಸಾಚಾ ಅಲ್ಲವೆಂದು ಗೊತ್ತಾದದ್ದು ನಮ್ಮವರನ್ನು ನರರೋಗದ ಡಾಕ್ಟರ ಬಳಿ ಕರೆದೊಯ್ದ ದಿನ. ಚೆನ್ನೈಯವರಾದರೂ ದಾವಣಗೆರೆಯಲ್ಲಿ ಓದಿದ್ದ ಆ ಡಾಕ್ಟರಿಗೆ ಕನ್ನಡ ಬರುತ್ತಿತ್ತು. "ಮರೆವು ಯಾವಾಗಿಂದ?" ಎಂದು ಕೇಳಿದ್ದೇ ತಡ, ನಾನು ಎರಡು ವರ್ಷದ ಡೈರಿ ತೆಗೆದು ಓದತೊಡಗಿದೆ. ಕ್ರೋಂಪೇಟೆ ಸ್ಟೇಷನ್ನಿನಿಂದ ಮನೆಗೆ ದಾರಿ ತಪ್ಪಿದ್ದು, ಪೆನ್ಷನ್ ಪುಸ್ತಕವನ್ನು ಅಕ್ಕಿ ಡಬ್ಬದಲ್ಲಿ ಇಟ್ಟದ್ದು, ಮಗಳ ಹೆಸರಿಗೆ ತಡಕಾಡಿದ್ದು. ಜೀವಮಾನವಿಡೀ ರೈಲುಗಳ ವೇಳಾಪಟ್ಟಿ ನೋಡಿಕೊಂಡಿದ್ದ ನಮ್ಮವರು ಎಲ್ಲ ಕೇಳಿಸಿಕೊಂಡು, "ಡಾಕ್ಟ್ರೇ, ಇವಳು ಮರೆತಿದ್ದು ಅದರಲ್ಲಿ ಒಂದೂ ಇಲ್ಲ, ಗಮನಿಸಿದ್ರಾ?" ಎಂದರು.

ಪ್ರಶ್ನೆ ಒಂದೇ ಇತ್ತು. ಇದು ಆಲ್‌ಝೈಮರ್ಸೋ, ಅಥವಾ ನಿವೃತ್ತಿಯ ನಂತರ ಹಿಡಿದ ಖಿನ್ನತೆ ತಂದ ಮರೆವೋ? ಎರಡನೆಯದಾದರೆ ಮಾತ್ರೆಯಲ್ಲಿ ಬಹಳಷ್ಟು ವಾಪಸು ಬರಬಹುದು. ಮಾಮೂಲಿ ಸ್ಕ್ಯಾನು ಏನನ್ನೂ ಹೇಳಲಿಲ್ಲ. ಚೆನ್ನೈಗೆ ಈಚೆಗಷ್ಟೇ ಬಂದಿದ್ದ ಪೆಟ್ ಸ್ಕ್ಯಾನ್ ಮಾಡಿಸೋಣ ಎಂದರು ಡಾಕ್ಟರು. "ಮಿದುಳಿಗೆ ಸಕ್ಕರೇನೇ ಊಟ ಅಮ್ಮಾ. ಒಂಚೂರು ವಿಕಿರಣ ಸೇರಿಸಿದ ಸಕ್ಕರೇನ ಚುಚ್ತೀವಿ. ಯಾವ ಭಾಗ ಅದನ್ನ ತಗೊಳ್ತು, ಯಾವುದು ಬಿಡ್ತು ಅಂತ ಚಿತ್ರದಲ್ಲಿ ಕಾಣುತ್ತೆ."

"ಪಂಕ್ತೀಲಿ ಯಾರು ಎಲೆ ಮುಟ್ಟಿಲ್ಲ ಅಂತ ನೋಡೋ ಹಾಗೆ," ಎಂದರು ನಮ್ಮವರು.

"ಅಷ್ಟೇ ಸಾರ್. ಆದ್ರೆ ಆರು ಗಂಟೆ ಹೊಟ್ಟೆ ಖಾಲಿ ಇರ್ಬೇಕು. ನೀರು ಬಿಟ್ರೆ ಏನೂ ಬೇಡ."

ಇಂಥ ಕೆಲಸದಲ್ಲಿ ನಾನು ಹಟಗಾತಿ. ಹಿಂದಿನ ದಿನವೇ ಚೀಟಿ ಬರೆದು ಫ್ರಿಜ್ಜಿಗೆ, ಕನ್ನಡಿಗೆ, ಅವರ ಕನ್ನಡಕದ ಡಬ್ಬಿಗೆ ಅಂಟಿಸಿದೆ. ಬಿಸ್ಕತ್ತನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೆಳಿಗ್ಗೆ ಐದೈದು ನಿಮಿಷಕ್ಕೆ ಕಾಫಿ ಕೇಳಿದರು, ಕೊಡಲಿಲ್ಲ. ಸ್ಕ್ಯಾನಿನ ಕೋಣೆಯ ಹುಡುಗಿ, "ಐಯಾ ಏದಾವದು ಸಾಪ್ಟಾಂಗಳಾ?" ಎಂದು ತಮಿಳಿನಲ್ಲಿ ಕೇಳಿದಾಗ, ತಿಂದಿದ್ದು ಒಂದು ಅಗುಳೂ ಇಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ನಮ್ಮವರು ಶಾಲೆಯ ಮಕ್ಕಳ ಹಾಗೆ ಕೈಯೆತ್ತಿ, "ತಯಿರ್ ಸಕ್ಕರೈ. ಒರು ಸ್ಪೂನ್," ಎಂದರು. ನನ್ನ ಕಡೆ ತಿರುಗಿ, "ಏಳು ನಲವತ್ತಾರಕ್ಕೆ. ಆಟೋ ಹಾರ್ನ್ ಮಾಡ್ದಾಗ," ಎಂದು ಸೇರಿಸಿದರು.

ನಿಜ. ಮುಖ್ಯವಾದ ಕೆಲಸಕ್ಕೆ ಹೊರಟವರ ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಹಾಕುವುದು ನಮ್ಮತ್ತೆ ಕಲಿಸಿದ ಪದ್ಧತಿ. ಪ್ರಮೋಷನ್ನಿನ ಪರೀಕ್ಷೆಗೆ, ಹೆಣ್ಣು ಕೇಳಲು, ಹಲ್ಲು ಕೀಳಿಸಲು, ಎಲ್ಲಕ್ಕೂ ಹಾಕಿದ ಕೈ ಇದು. ಅದು ನನ್ನ ಚೀಟಿ ಓದಿರಲಿಲ್ಲ.

"ಗೊತ್ತಿದ್ದೂ ಯಾಕೆ ತಿಂದ್ರಿ?"

"ಕಾಫಿಯಂತೂ ಕೊಡ್ಲಿಲ್ಲ. ಇದನ್ನೂ ಬೇಡ ಅಂತೀನಾ?"

ಚುಚ್ಚುವ ಸಕ್ಕರೆಯನ್ನು ಬೆಳಿಗ್ಗೆಯೇ ತಯಾರಿಸಿ ತರಿಸುತ್ತಾರಂತೆ, ಕೆಲವು ಗಂಟೆಯಲ್ಲಿ ಅದರ ಕಸುವು ಮುಗಿಯುತ್ತದಂತೆ, ಮತ್ತೆ ಆರು ಗಂಟೆ ಕಾಯುವಂತಿರಲಿಲ್ಲ. ಹುಡುಗಿ ಮುಂದಿನ ವಾರದ ದಿನ ಬರೆದುಕೊಡುತ್ತಾ, "ಯಾರುಕ್ಕು ಮಾ ಸ್ಕ್ಯಾನ್?" ಎಂದಳು. ಸ್ಕ್ಯಾನ್ ಯಾರಿಗೆ ಎನ್ನುವ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅವಮಾನವಾದರೂ ಒಳಗೊಳಗೇ ಆಸೆ ಹುಟ್ಟಿತು. ನಿಮಿಷ ಸಮೇತ ನೆನಪಿಟ್ಟವರಿಗೆ ಆ ಕಾಯಿಲೆ ಇರಲು ಸಾಧ್ಯವೇ?

ಮುಂದಿನ ವಾರ ಎಡಗೈಯಲ್ಲಿ ಬಲಗೈ ಹಿಡಿದುಕೊಂಡೇ ಆಟೋ ಹತ್ತಿದೆ. ಚುಚ್ಚಿದ ಮೇಲೆ ಮಬ್ಬು ಬೆಳಕಿನ ಕೋಣೆಯಲ್ಲಿ ಅರ್ಧ ಗಂಟೆ ಮಾತಿಲ್ಲದೆ ಮಲಗಬೇಕು. ಅವರು ಮಲಗಿದರು. ಮಾತನಾಡದಿರುವುದು ನನಗೇ ಕಷ್ಟವಾಯಿತು, ಚುಚ್ಚಿಸಿಕೊಳ್ಳದಿದ್ದರೂ.

ಚಿತ್ರದಲ್ಲಿ ಕಿವಿಯ ಮೇಲುಗಡೆ, ಹಿಂಬದಿಗೆ, ಎರಡೂ ಪಕ್ಕ ಬಣ್ಣ ಇಳಿದಿತ್ತು. ಡಾಕ್ಟರು ಮೆಲ್ಲಗೆ ಹೇಳಿದರು: ಉಳಿದ ಪರೀಕ್ಷೆಗಳ ಜೊತೆ ಸೇರಿಸಿ ನೋಡಿದರೆ ಆಲ್‌ಝೈಮರ್ಸೇ, ಆದರೆ ಇನ್ನೂ ಶುರುವಿನಲ್ಲಿದೆ. ನಮ್ಮವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಇಷ್ಟು ಜನ ಉಪವಾಸ ಎದ್ದು ಹೋದ್ರಾ?" ಎಂದರು.

ಮನೆಗೆ ಬಂದು ಎರಡು ನಿರ್ಧಾರ ಮಾಡಿದೆ. ಇನ್ನು ದಿನವೂ ಮುಖ್ಯವಾದ ದಿನವೇ. ಸಂಜೆ ರೈಲು ನೋಡಲು ನನ್ನ ಜೊತೆ ಸ್ಟೇಷನ್ನಿಗೆ ಹೊರಡುವಾಗ ಅವರಿಗೆ ಮೊಸರು ಸಕ್ಕರೆ ಕೊಟ್ಟೇ ಕೊಡಬೇಕು. ಎರಡನೆಯದು, ಡೈರಿಯ ಪುಟದ ನಡುವೆ ಗೆರೆ ಎಳೆದು, ಒಂದು ಕಡೆ ಅವರ ಮರೆವು, ಇನ್ನೊಂದು ಕಡೆ ನನ್ನದು ಬರೆಯಬೇಕು.

ನಿನ್ನೆ ಚಮಚ ಹಿಡಿದು ಬಾಗಿಲಿಗೆ ಹೋದರೆ, "ಆಗ್ಲೇ ಕೊಟ್ಟೆ ಕಣೇ," ಎಂದರು.

"ಇಲ್ಲಾರೀ, ನಿಮಗೆ ಮರೆತಿದೆ."

"ಮೀಸೆ ನೋಡು."

ನೋಡಿದೆ. ಮೀಸೆಯ ತುದಿಯಲ್ಲಿ ಮೊಸರು ಇನ್ನೂ ಒಣಗಿರಲಿಲ್ಲ. ರಾತ್ರಿ ಡೈರಿಯಲ್ಲಿ ನನ್ನ ಕಡೆ ಒಂದು ಸಾಲು ಬಿತ್ತು, ಅವರ ಕಡೆ ಖಾಲಿ. ವಾದದಲ್ಲಿ ಸೋತು ಇಷ್ಟು ಸಂತೋಷ ನನಗೆ ಈ ಜನ್ಮದಲ್ಲಿ ಆಗಿರಲಿಲ್ಲ. ಕೈಯಲ್ಲಿದ್ದ ಆ ಎರಡನೇ ಚಮಚವನ್ನು ನಾನೇ ತಿಂದೆನೋ, ಮತ್ತೆ ಅವರ ಬಾಯಿಗೇ ಹಾಕಿದೆನೋ, ಅದು ಮಾತ್ರ ಬರೆದುಕೊಂಡಿಲ್ಲ. ಅವರನ್ನೇ ಕೇಳಬೇಕು.