ರುದ್ರಪ್ಪನ ಕಂಪ್ಯೂಟರೂ ನನ್ನ ಡಿಫ್ರಾಗ್ ವ್ರತವೂ

ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಎಷ್ಟು ದಿನಕ್ಕೊಮ್ಮೆ ಡಿಫ್ರಾಗ್ ಮಾಡಬೇಕು ಎಂಬ ವಿಷಯದಲ್ಲಿ ಪೀಣ್ಯದ ನಮ್ಮ ರಸ್ತೆಯಲ್ಲಿ ನನ್ನಷ್ಟು ಅಧಿಕಾರದಿಂದ ಮಾತಾಡಬಲ್ಲವರು ಇನ್ನೊಬ್ಬರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಅನುಭವಿಸಿದವನು ನಾನೊಬ್ಬನೇ!

ನನ್ನದೊಂದು ಚಿಕ್ಕ ಶೆಡ್ಡು. ಗೇರ್ ಚಕ್ರ ಮಾಡುವುದು ಕಸುಬು. ಆಫೀಸೆಂದು ನಾವು ಕರೆಯುವ ಪ್ಲೈವುಡ್ ಗೂಡಿನಲ್ಲಿ ನನ್ನ ಹೆಂಡತಿ ಶಾರದಾ ಮತ್ತು ಒಂದು ಹಳೆಯ ಕಂಪ್ಯೂಟರು. ರಸ್ತೆಯಾಚೆ, ಸರಿಯಾಗಿ ಎದುರಿಗೆ, ಗದಗದ ಕಡೆಯಿಂದ ಬಂದ ರುದ್ರಪ್ಪನ ಶೆಡ್ಡು. ಅವನದೂ ಗೇರೇ. ನನಗಿಂತ ಮೂರು ವರ್ಷ ತಡವಾಗಿ ಬಂದವನು. ಆದರೂ ಅವನ ಲೇತು ಹೊಸದು, ಅವನ ಬೋರ್ಡು ದೊಡ್ಡದು, ಐವತ್ತು ದಾಟಿದರೂ ಅವನ ತಲೆತುಂಬ ಕೂದಲು! ಇಷ್ಟನ್ನೂ ನಾನು ದೊಡ್ಡ ಮನಸ್ಸು ಮಾಡಿ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ನಡೆದದ್ದು ಯುಗಾದಿಯ ಮಾರನೆಯ ದಿನ, ಶಾರದಾ ಅವನಿಗೆ ಒಬ್ಬಟ್ಟು ಕೊಟ್ಟು ಬಂದಾಗ.

“ರೀ, ರುದ್ರಪ್ಪನವರ ಕಂಪ್ಯೂಟರ್ ನೋಡಿದೀರಾ? ಗುಂಡಿ ಒತ್ತಿ ಕನ್ನಡಕ ಹಾಕ್ಕೊಳ್ಳೋಷ್ಟ್ರಲ್ಲಿ ರೆಡಿ!”

“ನಮ್ದೂ ರೆಡಿ ಆಗತ್ತಲ್ಲ.”

“ಆಗತ್ತೆ. ಗುಂಡಿ ಒತ್ತಿ, ಟೀ ಕುಡಿದು, ಲೋಟ ತೊಳೆದು, ಕವುಚಿಟ್ಟು ಬಂದ್ರೆ ಆಗತ್ತೆ.”

ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ನನ್ನ ಯಾವ ವಸ್ತುವನ್ನೂ ಅವಳು ಹೀಗೆ ಕಣ್ಣರಳಿಸಿ ಹೊಗಳಿದ್ದಿಲ್ಲ. ತಿನ್ನುತ್ತಿದ್ದ ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನೆಟ್ಟಗೆ ರಸ್ತೆ ಕೊನೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಸಲೀಂ ಸಮಾಧಾನವಾಗಿ ವಿವರಿಸಿದ.

“ನೋಡಿ ಸಾರ್, ಫೈಲುಗಳು ಚೂರು ಚೂರಾಗಿ ಡಿಸ್ಕ್ ತುಂಬಾ ಹರಡ್ಕೊಂಡಿರತ್ತೆ. ನಿಮ್ಮ ಶೆಡ್ಡಲ್ಲಿ ನಟ್ಟು ಒಂದ್ಕಡೆ, ಬೋಲ್ಟು ಇನ್ನೊಂದ್ಕಡೆ ಬಿದ್ದಿರತ್ತಲ್ಲ, ಹಂಗೆ. ಡಿಫ್ರಾಗ್ ಮಾಡಿದ್ರೆ ಎಲ್ಲಾ ಜೋಡಿಸಿಡತ್ತೆ. ಹುಡುಕೋದು ಕಮ್ಮಿ.”

“ಎಷ್ಟು ದಿನಕ್ಕೊಂದ್ಸಲ?”

“ತಿಂಗಳಿಗೊಂದ್ಸಲ ಸಾಕು ಸಾರ್. ಅದಕ್ಕಿಂತ ಮೊದ್ಲು ಡಬ್ಬಿ ಬಿಚ್ಚಿ ಧೂಳು...”

ಧೂಳಿನ ವಿಚಾರ ಕೇಳಲು ನಾನು ಅಲ್ಲಿರಲಿಲ್ಲ. ತಿಂಗಳಿಗೊಮ್ಮೆಯಂತೆ! ತಿಂಗಳಿಗೊಮ್ಮೆ ಸ್ನಾನ ಮಾಡಿದರೆ ಸಾಕೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ? ತಿಂಗಳಿಗೊಮ್ಮೆ ಮಾಡಿದರೇ ಇಷ್ಟು ಗುಣವಿದ್ದರೆ, ದಿನಕ್ಕೊಮ್ಮೆ ಮಾಡಿದರೆ ಮೂವತ್ತು ಪಟ್ಟು! ರುದ್ರಪ್ಪ ಕನ್ನಡಕ ಹುಡುಕುತ್ತಿರುವಾಗಲೇ ನಮ್ಮದು ಎದ್ದು ಕೂತಿರುತ್ತದೆ.

ಹೀಗೆ ನನ್ನ ಡಿಫ್ರಾಗ್ ವ್ರತ ಆರಂಭವಾಯಿತು. ಪ್ರತಿದಿನ ಬೆಳಿಗ್ಗೆ ಶೆಡ್ಡಿನ ದೇವರಿಗೆ ಊದುಬತ್ತಿ ಹಚ್ಚಿ, ಡಿಫ್ರಾಗ್ ಶುರು ಮಾಡಿ, ಮುಗಿಯುವ ತನಕ ಯಾರೂ ಮುಟ್ಟದಂತೆ ಕಾವಲು ಕೂರುತ್ತಿದ್ದೆ.

“ಹಪ್ಪಳ ಒಣಗಾಕಿ ನಿಮ್ಮಜ್ಜಿ ಮಡೀಲಿ ಕೂತಿರ್ತಿದ್ರಲ್ಲ, ಹಾಗೇ ಕಾಣ್ತೀರಿ ನೋಡಿ” ಎಂದಳು ಶಾರದಾ.

ಆಮೇಲೆ ಆರಿಸಿ, ಮತ್ತೆ ಗುಂಡಿ ಒತ್ತಿ, ರೆಡಿಯಾಗಲು ಎಷ್ಟು ಹೊತ್ತೆಂದು ಕೈಗಡಿಯಾರ ಹಿಡಿದು ಪರೀಕ್ಷೆ. ಮೊದಲ ವಾರ ನಾಲ್ಕು ನಿಮಿಷ. ಎರಡನೆಯ ವಾರ ಐದು. ಬಿಸಿಲು ಏರಿ ತಗಡಿನ ಮಾಡು ಕಾದಂತೆ ಆರು! ಯಂತ್ರ ಒಳಗೊಳಗೇ ಗುರ್ ಎನ್ನುತ್ತಿತ್ತು. ಶ್ರದ್ಧೆ ಸಾಲದೆಂದು ಸಂಜೆಗೂ ಒಂದು ಡಿಫ್ರಾಗ್ ಸೇರಿಸಿದೆ.

ಇದರ ಮಧ್ಯೆ ಬಂತು ಅತ್ತಿಬೆಲೆಯ ಕಾರ್ಖಾನೆಯ ಗೇರು. ಅವರ ಯಂತ್ರ ನಿಂತುಹೋಗಿತ್ತು. ಮುರಿದ ಚಕ್ರವನ್ನು ನಮಗೂ ರುದ್ರಪ್ಪನಿಗೂ ತೋರಿಸಿ ಹೋದರು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಯಾರ ಡ್ರಾಯಿಂಗ್ ಸರಿಯಾಗಿ ಮೊದಲು ಬರುತ್ತದೋ ಅವರಿಗೇ ಕೆಲಸ.

ಡ್ರಾಯಿಂಗ್ ಮಾಡಿದವಳು ಶಾರದಾ. ಆರು ತಿಂಗಳಿಂದ ಮಧ್ಯಾಹ್ನದ ನಿದ್ದೆ ಬಿಟ್ಟು ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನು ಕಲಿತಿದ್ದಳು. ಒಬ್ಬಳೇ ಹಲ್ಲು ಹಲ್ಲನ್ನೂ ಅಳೆದು ಮುಗಿಸಿದ ಮೊದಲ ಡ್ರಾಯಿಂಗ್ ಅದು. ಶನಿವಾರ ಒಂಬತ್ತಕ್ಕೆ ಸಿದ್ಧವಾಗಿ ಕೂತಿತ್ತು. ಕಳಿಸುವುದೊಂದೇ ಬಾಕಿ.

“ತಾಳು ಕಣೇ” ಎಂದೆ. “ಒಂದು ಡಿಫ್ರಾಗ್ ಮಾಡ್ಬಿಡ್ತೀನಿ. ಬಾಣದ ಹಾಗೆ ಹೋಗತ್ತೆ.”

“ಬೇಡ ರೀ, ನಿಮ್ಮ ಕೈ ಮುಗೀತೀನಿ.”

ವಿಶೇಷ ದಿನವಲ್ಲವೇ? ದಿನನಿತ್ಯದ್ದು ಬಿಟ್ಟು ‘ಸಂಪೂರ್ಣ’ ಎಂಬುದನ್ನು ಒತ್ತಿದೆ. ಹತ್ತು ಗಂಟೆಗೆ ಶೇಕಡಾ ಒಂಬತ್ತು. ಹನ್ನೊಂದೂ ಕಾಲಿಗೆ ಶೇಕಡಾ ಹನ್ನೊಂದು.

“ನಿಲ್ಲಿಸ್ರೀ ಅದನ್ನ!”

“ಆಪರೇಷನ್ ಮಧ್ಯೆ ಹೊಟ್ಟೆ ಹೊಲೀದೆ ಎದ್ದು ಬಾ ಅಂತೀಯಲ್ಲೇ! ನಿನ್ನ ಡ್ರಾಯಿಂಗಿನ ಅರ್ಧ ಹಲ್ಲು ಅಲ್ಲೇ ಉಳ್ಕೊಂಡ್ರೆ?”

ಶಾರದಾ ಗಡಿಯಾರ ನೋಡಿದಳು. ಅವಳ ಕಣ್ಣಂಚು ಒದ್ದೆಯಾದದ್ದು ಕಂಡು ನನಗೂ ಭಯವಾಯಿತು. ನಿಲ್ಲಿಸಿಯೇಬಿಡೋಣವೆಂದು ಕೈ ಚಾಚಿದೆ. ಅಷ್ಟರಲ್ಲಿ ಗುರ್ ಎನ್ನುತ್ತಿದ್ದ ಯಂತ್ರ ಕಿರ್ ಎಂದಿತು. ರಟ್ಟು ಹಿಡಿದು ಗಾಳಿ ಬೀಸಿದೆ. ಸುಟ್ಟ ಹೂವಿನ ವಾಸನೆ ಬಂತು. ಹೂವಿನ ವಾಸನೆ? ಕಂಪ್ಯೂಟರು ದೈವತ್ವಕ್ಕೇರಿತೇ ಎಂದುಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು.

“ಅಯ್ಯೋ ನನ್ನ ಡ್ರಾಯಿಂಗು!” ಶಾರದಾಳ ಕೂಗು ರಸ್ತೆ ದಾಟಿತು. ಅದರ ಹಿಂದೆಯೇ ರುದ್ರಪ್ಪ ಇತ್ತ ದಾಟಿ ಬಂದ.

“ಏನಾತ್ರೀ ಅಕ್ಕಾರ? ಸರೀರಿ, ನಾ ನೋಡ್ತೀನಿ.” ಸ್ಕ್ರೂ ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದ. ಬಗ್ಗಿ ಒಳಗೆ ಇಣುಕಿದ. “ಸಾಹೇಬ್ರ, ಇದು ಕಂಪ್ಯೂಟರೋ, ಹೂವಿನ ಬುಟ್ಟಿಯೋ?”

ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಒಣಗಿದ ಚೆಂಡು ಹೂವಿನ ಎಸಳು ಸುತ್ತಿಕೊಂಡು, ಗಾಳಿಯಿಲ್ಲದೆ ಯಂತ್ರ ಕಾದುಹೋಗಿತ್ತು. ಮೇಲೆ ವಿಭೂತಿ, ಕುಂಕುಮ, ನಾಲ್ಕು ಅಕ್ಷತೆ ಕಾಳು. ಹಿಂದಿನ ಆಯುಧಪೂಜೆಯದು! ಆವತ್ತು ರುದ್ರಪ್ಪನ ಕಂಪ್ಯೂಟರಿಗೆ ಒಂದು ಮೊಳ ಹೂವು ಹಾಕಿದ್ದನ್ನು ಕಿಟಕಿಯಿಂದ ನೋಡಿ, ನಮ್ಮದಕ್ಕೆ ನಾಲ್ಕು ಮೊಳ ತಂದು, ಮುಂದೆ ಸಾಲದೆ ಹಿಂದಿನ ಜಾಲರಿಗೂ ತುರುಕಿದವನು ನಾನೇ. ಶಾರದಾ ನನ್ನನ್ನೇ ನೋಡಿದಳು. ನಾನು ಅಕ್ಷತೆ ಕಾಳು ಎಣಿಸಿದೆ.

ಹನ್ನೊಂದೂ ಮುಕ್ಕಾಲು. ರುದ್ರಪ್ಪ ನಮ್ಮ ಡಿಸ್ಕನ್ನು ಬಿಚ್ಚಿಕೊಂಡು ತನ್ನ ಶೆಡ್ಡಿಗೆ ಓಡಿದ. ಹಿಂದೆ ಶಾರದಾ, ಅವಳ ಹಿಂದೆ ನಾನು. ತನ್ನ ಕಂಪ್ಯೂಟರಿಗೆ ಅದನ್ನು ವೈರಿನಿಂದ ಜೋಡಿಸಿದ. ಒಂದು ಹಲ್ಲೂ ಉದುರದೆ ಡ್ರಾಯಿಂಗ್ ತೆರೆದುಕೊಂಡಿತು.

“ಕಳಸ್ರೀ ಅಕ್ಕಾರ.”

“ನಿಮ್ಮದು?”

“ನಂದು ಇನ್ನೂ ಅರ್ಧಾ ಆಗಿಲ್ರೀ. ಕಂಪ್ಯೂಟರ್ ಜಲ್ದಿ ಐತಿ, ನನ್ನ ಕೈ ಜಲ್ದಿ ಇಲ್ಲ” ಎಂದು ನಕ್ಕ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಡ್ರಾಯಿಂಗ್ ಹೋಯಿತು. ಕೆಲಸ ನಮಗೇ ಬಂತು. ಆದರೂ ನನ್ನ ಒಳಗಿನ ಹುಳು ಸುಮ್ಮನಿರಲಿಲ್ಲ. ಹೊರಡುವಾಗ ಕೇಳಿಯೇಬಿಟ್ಟೆ. “ರುದ್ರಪ್ಪ, ನೀನು ಎಷ್ಟು ದಿನಕ್ಕೊಂದ್ಸಲ ಡಿಫ್ರಾಗ್ ಮಾಡ್ತೀಯ?”

“ನಾನೇನ್ ಮಾಡಂಗಿಲ್ರೀ. ಇದು ಹೊಸ ಥರದ ಡಿಸ್ಕು. ನಿಮ್ಮದರಂಗ ಒಳಗ ತಿರಗೋ ತಟ್ಟೀನ ಇಲ್ಲ, ಬರೀ ಎಲೆಕ್ಟ್ರಾನಿಕ್ ಚಿಪ್ಪು. ಡಿಫ್ರಾಗ್ ಬೇಕಾಗಂಗಿಲ್ಲ.”

ದಿನಕ್ಕೆ ಎರಡು ಸಲ ನಾನು ಸ್ಪರ್ಧಿಸುತ್ತಿದ್ದದ್ದು ಏನೂ ಮಾಡದವನ ಜೊತೆ!

ಈಗ ನಮ್ಮ ಡಿಸ್ಕಿಗೆ ತಿಂಗಳಿಗೊಮ್ಮೆ ಡಿಫ್ರಾಗ್. ಗುಂಡಿ ಒತ್ತುವುದು ಶಾರದಾ. ಬ್ರಷ್ಷಿನಿಂದ ಧೂಳು ತೆಗೆಯುವುದು ನಾನು. ಅತ್ತಿಬೆಲೆಯವರು ಫೋನು ಮಾಡಿದರೆ “ಮೇಡಂಗೆ ಕೊಡಿ” ಎನ್ನುತ್ತಾರೆ. ಕೊಡುತ್ತೇನೆ. ಮೊನ್ನೆಯ ಆಯುಧಪೂಜೆಗೆ ಮೇಡಂ ನನ್ನ ಕೈಗೆ ಒಂದೇ ಒಂದು ಸೇವಂತಿಗೆ ಕೊಟ್ಟು, “ಡಬ್ಬಿ ಮೇಲಿಡಿ. ತೂರಿಸ್ಬೇಡಿ” ಎಂದಳು. ಭಕ್ತಿಯಿಂದ ಇಟ್ಟೆ. ಈ ವಯಸ್ಸಿಗಾದರೂ ಬುದ್ಧಿ ಬಂತಲ್ಲ ಎಂದು ನನ್ನ ಬಗ್ಗೆ ನನಗೇ ಅಭಿಮಾನ ಮೂಡಿತು. ಆ ಅಭಿಮಾನದಲ್ಲೇ ಕಿಟಕಿಯಿಂದ ಒಮ್ಮೆ ಎದುರಿಗೆ ಕತ್ತು ಚಾಚಿ ನೋಡಿದೆ.

ರುದ್ರಪ್ಪನ ಕಂಪ್ಯೂಟರಿನ ಮೇಲೆ ಎರಡು ಹೂವಿದ್ದವು!