ಮೊದಲು ಮಲಗಿದವರು

ಬೆಳಗ್ಗೆ ರಾಗಿಹಿಟ್ಟು ಜರಡಿ ಹಿಡಿದೆ. ಮಗಳನ್ನು ಶಾಲೆಗೆ ಬಿಟ್ಟೆ. ಅಪಾರ್ಟ್‌ಮೆಂಟಿನ ಕೆಳಗಿನ ಲಾಂಡ್ರಿಯಲ್ಲಿ ಬಟ್ಟೆ ಹಾಕಿ ಮರೆತೆ. ಇನ್ಯಾರೋ ತೆಗೆದು ಮಷೀನಿನ ಮೇಲೆ ಗುಡ್ಡೆ ಹಾಕಿದ್ದನ್ನು ನಾಚಿಕೊಂಡು ಹೊತ್ತು ತಂದೆ. ಬಾಲ್ಕನಿಯ ಕರಿಬೇವಿನ ಕುಂಡವನ್ನು ಬಿಸಿಲಿನ ಕಡೆ ತಿರುಗಿಸಿದೆ. ಕೊತ್ತಂಬರಿ ಸೊಪ್ಪು ತರಲೆಂದೇ ಗ್ರೋಸರಿಗೆ ಹೋಗಿ, ಅದೊಂದನ್ನು ಬಿಟ್ಟು ಮಿಕ್ಕೆಲ್ಲ ತಂದೆ.

ಇದನ್ನೆಲ್ಲ ಓದಿ ನಿಮಗೇನಾಗಬೇಕು? ನಾನೂ ಹಿಂದೆ ಹಾಗೇ ಕೇಳುತ್ತಿದ್ದೆ. ಇಂಥದ್ದನ್ನು ದಿನಾ ಓದಲು ಅಮೆರಿಕದ ಮೂಲೆಮೂಲೆಯಲ್ಲಿ ಕನ್ನಡದ ಜನ ಕಾದು ಕೂತಿರುತ್ತಾರೆಂದು ತೋರಿಸಿಕೊಟ್ಟವಳು ನಮ್ಮಣ್ಣನ ಮಗಳು. ಅವಳ ವಿಷಯ ಹೇಳುವ ಮುಂಚೆ ನಿಮಗೊಂದು ಎಚ್ಚರಿಕೆ ಕೊಡಬೇಕು. ನಮ್ಮ ವಂಶದಲ್ಲಿ ಕಳ್ಳರಿಲ್ಲ, ಕುಡುಕರಿಲ್ಲ, ಕೋರ್ಟು ಕಂಡವರಿಲ್ಲ. ಇರುವ ಅಪಾಯ ಇವಳೊಬ್ಬಳೇ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಬರುವುದಿಲ್ಲ ಅಂದರೆ, ಹೇಳಬಾರದೆಂಬ ವ್ರತವೇನೂ ಇಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ನೂಕಿದರೂ ಬರುವುದಿಲ್ಲ, ಮುಳುಗುತ್ತಾಳೆ ಅಷ್ಟೆ.

ಮಂಡ್ಯದಿಂದ ಎಂ.ಎಸ್. ಓದಲು ಬಂದವಳು ಮೌಂಟನ್ ವ್ಯೂನ ನಮ್ಮ ಮನೆಯಲ್ಲೇ ಉಳಿದಳು. ಎಣ್ಣೆ ಹಚ್ಚಿದ ಜಡೆಯ ಮೇಲೆ ಹೆಲ್ಮೆಟ್ಟು, ಚೂಡಿದಾರದ ಮೇಲೆ ನನ್ನ ಯಜಮಾನರ ಹಳೆಯ ಸ್ವೆಟರು. ಸ್ಟೇಷನ್ನಿನವರೆಗೆ ಸೈಕಲ್ಲು, ಅಲ್ಲಿಂದ ಸೈಕಲ್ಲಿನ ಸಮೇತ ರೈಲು. ಮೊಸರಿನ ಖಾಲಿ ಡಬ್ಬಿಯಲ್ಲಿ ಮೊಸರನ್ನ. ಅವಳ ವಿಶ್ವವಿದ್ಯಾಲಯದ ಲೈಬ್ರರಿಯೊಳಗೆ ತಿಂಡಿ ಒಯ್ಯುವ ಹಾಗಿರಲಿಲ್ಲ. ಬಾಗಿಲಲ್ಲಿ ಕೂತವನು ಎಲ್ಲರನ್ನೂ "ಬ್ಯಾಗಿನಲ್ಲಿ ತಿನ್ನೋದೇನಾದ್ರೂ ಇದೆಯಾ?" ಎಂದು ಕೇಳುತ್ತಿದ್ದ. ಎಲ್ಲರೂ ಇಲ್ಲವೆಂದು ಹೇಳಿ ಒಳಗೆ ಹೋಗಿ ಬೆಚ್ಚಗೆ ಚಿಪ್ಸು ತಿನ್ನುತ್ತಿದ್ದರು. ಇವಳು ದಿನಾ ಬ್ಯಾಗು ಬಿಚ್ಚಿ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ಹುರಿಗಡಲೆ ಎಂದು ಒಂದೊಂದಾಗಿ ವಿವರಿಸಿ, ಹೊರಗೆ ಗಾಳಿಯಲ್ಲಿ ನಿಂತು ತಿಂದು ಒಳಗೆ ಹೋಗುತ್ತಿದ್ದಳು. ಕೊನೆಕೊನೆಗೆ ಅವನೇ ಸೋತು ಅವಳನ್ನು ಕೇಳುವುದನ್ನು ಬಿಟ್ಟನಂತೆ. ಕೇಳದಿದ್ದರೂ ಇವಳು ಹೇಳುತ್ತಿದ್ದಳು.

ಇಂಥವಳ ಕೈಗೆ ವಿಶ್ವವಿದ್ಯಾಲಯದವರು ಒಂದು ವೆಬ್‌ಸೈಟಿನ ಜಾಗ ಕೊಟ್ಟರು. ಬೆಂಕಿಪೊಟ್ಟಣ ಕೊಟ್ಟ ಹಾಗೆ.

ಅದು ಹೇಗಿತ್ತು ಅನ್ನುತ್ತೀರಿ? ಗಿಳಿಹಸಿರು ಹಿನ್ನೆಲೆ, ಅದರ ಮೇಲೆ ಅರಿಶಿನ ಬಣ್ಣದ ಅಕ್ಷರ. ತೆರೆದರೆ ಮದುವೆ ಚಪ್ಪರದೊಳಗೆ ಕಾಲಿಟ್ಟ ಹಾಗೆ ಕಣ್ಣು ಕುಕ್ಕುತ್ತಿತ್ತು. ಮೇಲ್ಗಡೆ ಒಬ್ಬ ಪುಟಾಣಿ ಮನುಷ್ಯ ಗುದ್ದಲಿ ಹಿಡಿದು ಒಂದೇ ಸಮನೆ ಅಗೆಯುತ್ತಿದ್ದ. ಸೈಟು ಇನ್ನೂ ಕಟ್ಟುತ್ತಿದ್ದೇವೆ ಅನ್ನುವುದರ ಗುರುತಂತೆ. ನಮ್ಮ ಮಗಳು ಪುಟ್ಟಿ ಅವನನ್ನೇ ನೋಡಿ ನೋಡಿ, "ವೆನ್ ಡಸ್ ಹಿ ಈಟ್ ಲಂಚ್?" ಎಂದು ಕೇಳಿದಳು. ಮಾರನೆಯ ದಿನ ಗುದ್ದಲಿಯವನ ಪಕ್ಕದಲ್ಲಿ ಒಂದು ಟಿಫಿನ್ ಕ್ಯಾರಿಯರಿನ ಚಿತ್ರ ಬಂದು ಕೂತಿತ್ತು.

ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದಳು. ದಿನಕ್ಕೊಂದು ಪುಟ. ಏನೇನು ಮಾಡಿದೆವು, ಏನು ಊಟ ಮಾಡಿದೆವು, ಮೊದಲು ಮಲಗಿದವರು ಯಾರು. ಮುಗಿಯಿತು.

ನನ್ನ ಯಜಮಾನರು ತಮಾಷೆ ಮಾಡಿದರು. "ಅಲ್ಲ ಕಣಮ್ಮಾ, ಪ್ರೆಸಿಡೆಂಟು ಏನ್ ತಿಂದ ಅಂತ ಬರೆದ್ರೆ ಜನ ಓದ್ತಾರೆ. ನಾವು ಉಪ್ಸಾರು ತಿಂದಿದ್ದನ್ನ ಯಾರ್ ಓದ್ತಾರೆ?"

"ಉಪ್ಸಾರು ಸಿಗದೆ ಇರೋರು ಓದ್ತಾರೆ ಮಾವ," ಅಂದಳು.

ಓದಿದರು. ಬಂದವರು ಸಹಿ ಹಾಕಿ ಹೋಗಲಿ ಎಂದು ಸೈಟಿನಲ್ಲೊಂದು ಗೆಸ್ಟ್‌ಬುಕ್ ಇಟ್ಟಿದ್ದಳು. ಅದರಲ್ಲಿ ಕಾನ್ಸಸ್ಸಿನಲ್ಲಿ ಓದುತ್ತಿದ್ದ ಯಾವನೋ ಹಾಸನದ ಹುಡುಗ, "ಅಕ್ಕಾ, ಇವತ್ತು ನಿಮ್ಮ ಮನೆ ಬಸ್ಸಾರು ಓದಿಕೊಂಡು ಬ್ರೆಡ್ಡು ತಿಂದೆ" ಎಂದು ಬರೆದಿದ್ದ. ಅದನ್ನು ಓದಿದ ಮೇಲೆ ನಾನು ಸಾರಿಗೆ ಒಗ್ಗರಣೆ ಹಾಕುವಾಗ ಸ್ವಲ್ಪ ಜವಾಬ್ದಾರಿಯಿಂದ ಹಾಕತೊಡಗಿದೆ.

ಆದರೆ ಆ ಸೈಟಿನಿಂದ ನನಗಾದ ಮಾನಭಂಗ ನೋಡಿ. ದೀಪಾವಳಿಗೆ ಕನ್ನಡದವರೆಲ್ಲ ಸೇರುವುದಿತ್ತು. ಚಕ್ಕುಲಿ ನನ್ನ ಪಾಲಿಗೆ ಬಂದಿತ್ತು. ಹಿಟ್ಟು ಕೈಕೊಟ್ಟಿತು. ಸನ್ನಿವೇಲ್‌ನ ಅಂಗಡಿಯಲ್ಲಿ ಚಕ್ಕುಲಿ ಕೊಂಡು, ಸ್ಟೀಲ್ ಡಬ್ಬಕ್ಕೆ ಸುರಿದು, ನಾನೇ ಮಾಡಿದ್ದೆಂಬಂತೆ ತೆಗೆದುಕೊಂಡು ಹೋದೆ. ಮಾತಿನಲ್ಲಿ ಹೇಳಲಿಲ್ಲ, ಸೊಂಟ ಹಿಡಿದುಕೊಂಡು "ಅಬ್ಬಾ" ಅಂದೆ, ಅಷ್ಟೇ. ಫಾಸ್ಟರ್ ಸಿಟಿಯಿಂದ ಬರುವ ಹುಬ್ಬಳ್ಳಿ ಅಕ್ಕ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ನಕ್ಕರು.

"ಚಲೋ ಆಗ್ಯಾವ್ರೀ. ಡಬ್ಬಿಗೆ ಹಾಕೋ ಮುಂದ ಮುರೀಲಿಲ್ಲಲ್ಲ?"

ಹಿಂದಿನ ಸಂಜೆಯ ಪುಟದಲ್ಲಿತ್ತಂತೆ: "ಅತ್ತೆಯೂ ನಾನೂ ಚಕ್ಕುಲಿ ಕೊಂಡು ತಂದೆವು. ಪ್ಲಾಸ್ಟಿಕ್ಕಿನಿಂದ ಡಬ್ಬಕ್ಕೆ ಸುರಿದೆವು. ಮುರಿದವನ್ನು ನಾನು ತಿಂದೆ."

ಇನ್ನು ಮೊದಲು ಮಲಗಿದವರ ವಿಷಯ. ಅದರಲ್ಲಿ ಸ್ಪರ್ಧೆಯೇ ಇರಲಿಲ್ಲ. ಪ್ರತಿ ದಿನವೂ ನನ್ನ ಯಜಮಾನರೇ. ಊಟ ಮಾಡಿ ಕೈತೊಳೆದು ಬಂದು ಸೋಫಾದ ಮೇಲೆ ಕೂತರೆಂದರೆ, ಕೂತ ಕೆಲಸ ಪೂರ್ತಿ ಮುಗಿಯುವ ಮುಂಚೆಯೇ ನಿದ್ದೆ ಶುರುವಾಗುತ್ತಿತ್ತು. ಎರಡನೇ ಕ್ಲಾಸಿನ ಪುಟ್ಟಿ ಕೂಡ ಅವರ ಮುಂದೆ ಸೋಲುತ್ತಿದ್ದಳು. "ಡ್ಯಾಡಿ ಈಸ್ ದ ವಿನ್ನರ್ ಅಗೇನ್," ಎಂದು ಹಲ್ಲುಜ್ಜಲು ಹೋಗುತ್ತಿದ್ದಳು. ಆಗ ನಮ್ಮ ಹುಡುಗಿ ಸೋಫಾದ ಪಕ್ಕದಲ್ಲೇ ಇದ್ದ ಕಂಪ್ಯೂಟರಿನ ಮುಂದೆ ಕೂತು ಪುಟ ಹಾಕುತ್ತಿದ್ದಳು. ಇಂಟರ್‌ನೆಟ್ಟಿಗೆ ಫೋನಿನ ತಂತಿಯೇ ಗತಿ; ಮೋಡೆಮ್ಮು ಕೀಚ್ ಕೀಚ್ ಎಂದು ಅರಚಿ, ಕೆಮ್ಮಿ, ಕ್ಯಾಕರಿಸಿಯೇ ದಾರಿ ಬಿಡುತ್ತಿದ್ದದ್ದು. ಯಜಮಾನರು ದಿನಾ ಬೆಚ್ಚಿ ಎದ್ದು, "ಯಾರೇ ಅದು ಬೆಕ್ಕಿನ ಬಾಲ ತುಳಿದಿದ್ದು?" ಅನ್ನುತ್ತಿದ್ದರು.

"ಎದ್ದಿದ್ದು ಲೆಕ್ಕಕ್ಕಿಲ್ಲ ಮಾವ, ಮಲಗಿದ್ದಷ್ಟೇ ಲೆಕ್ಕ," ಎಂದು ಅವಳು ಪುಟ ಹಾಕುತ್ತಿದ್ದಳು. ಅವರು ಮತ್ತೆ ಮಗ್ಗುಲು ಬದಲಿಸುತ್ತಿದ್ದರು.

ಕನ್ನಡದವರು ಸೇರಿದಲ್ಲೆಲ್ಲ ಅವರಿಗೆ ಅಭಿನಂದನೆ. "ಏನ್ ಸಾರ್, ನಿನ್ನೇನೂ ನೀವೇ ಫಸ್ಟಂತೆ?" ಒಮ್ಮೆ ಕ್ಲಾಸಿನಲ್ಲಿ ಏನನ್ನಾದರೂ ದಿನಾ ಗಮನಿಸಿ ಗ್ರಾಫು ಬರೆಯಬೇಕೆಂದಾಗ, ಇವಳು ನಮ್ಮ ಮನೆಯ ನಿದ್ದೆಯ ಗ್ರಾಫೇ ಬರೆದುಕೊಟ್ಟಳು. ಅಮೆರಿಕದ ಪ್ರೊಫೆಸರು ಅದನ್ನು ಬಹಳ ಹೊತ್ತು ನೋಡಿ ಎರಡೇ ಮಾತು ಕೇಳಿದರಂತೆ. ಈ ಎತ್ತರದ ಕಂಬ ಯಾರದು? ಅವರು ಡಾಕ್ಟರಿಗೆ ತೋರಿಸಿದ್ದಾರೆಯೇ?

ಹೀಗೆ ಸುಖವಾಗಿದ್ದೆವು. ಯಜಮಾನರು ಇಂಟರ್‌ನೆಟ್ಟಿನಲ್ಲಿ ಹೂಕುಂಡ ಮಾರುವ ಹೊಸ ಕಂಪನಿಯಲ್ಲಿದ್ದರು. ಜಗತ್ತಿನ ಜನರೆಲ್ಲ ಅಂಗಡಿಗೆ ಹೋಗುವುದನ್ನು ಬಿಟ್ಟು ಮನೆಯಿಂದಲೇ ಕುಂಡ ಕೊಳ್ಳುತ್ತಾರೆಂದು ದೊಡ್ಡ ದೊಡ್ಡವರು ನಂಬಿದ್ದ ಕಾಲ ಅದು. ಯುಗಾದಿ ಕೂಟದಲ್ಲಿ ಇವರು ಬೇವುಬೆಲ್ಲ ಹಂಚುತ್ತಲೇ ಸಿಕ್ಕಸಿಕ್ಕವರಿಗೆ "ನಮ್ ಕಂಪ್ನಿಗೆ ಬಂದ್ಬಿಡಿ" ಎಂದು ಕೆಲಸವನ್ನೂ ಹಂಚಿದ್ದರು. ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನವೇ ಮನೆಗೆ ಬಂದರು. ಕೈಯಲ್ಲಿ ಒಂದು ಹೂಕುಂಡ. ಕಂಪನಿ ಮುಚ್ಚಿತಂತೆ, ಬೇಕಾದ ಕುಂಡ ತೆಗೆದುಕೊಂಡು ಹೋಗಿ ಅಂದರಂತೆ.

ಆ ಕಾಲದಲ್ಲಿ ಕೆಲಸ ಹೋದರೆ ಅದರ ಬೆನ್ನಿಗೇ ವೀಸಾ ಹೋಗುತ್ತಿತ್ತು. ಬೇಗ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ಪುಟ್ಟಿಯ ಶಾಲೆ, ಮನೆ, ಎಲ್ಲ ಬಿಟ್ಟು ಗಂಟು ಕಟ್ಟಬೇಕು. ಆದರೆ ಅವರನ್ನು ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಯುಗಾದಿಯ ಮಾತು. "ಯಾರಿಗೂ ಗೊತ್ತಾಗಬಾರದು," ಅಂದರು. ಹಾಗೆಂದು ನನ್ನ ಮುಖ ನೋಡಲಿಲ್ಲ, ಹುಡುಗಿಯ ಮುಖ ನೋಡಿದರು.

"ಕೆಲಸದ ವಿಷಯ ಬರೀಬೇಡ ಕಣಮ್ಮಾ. ನಾನು ಹಗಲು ಮನೇಲಿರೋದನ್ನೂ ಬರೀಬೇಡ."

"ಬರೆಯಲ್ಲ ಮಾವ. ಕೇಳಿದ್ರೆ ಹೇಳ್ತೀನಿ, ಬರೆಯಲ್ಲ."

"ಯಾರೂ ಕೇಳದ ಹಾಗೆ ನಾನು ನೋಡ್ಕೋತೀನಿ," ಎಂದೆ. ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನನಗದು ಚೆನ್ನಾಗಿಯೇ ಬರುತ್ತದೆ. ಫೋನು ಬಂದರೆ "ಮೀಟಿಂಗಲ್ಲಿದ್ದಾರೆ" ಅನ್ನುತ್ತಿದ್ದೆ. ಮೀಟಿಂಗಿನವರು ನನ್ನೆದುರಿಗೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

ಹುಡುಗಿ ಮಾತು ಉಳಿಸಿಕೊಂಡಳು. ಏನೇನು ಮಾಡಿದೆವು ಅನ್ನುವುದರೊಳಗಿಂದ ಮಾವನನ್ನು ಪೂರ್ತಿ ತೆಗೆದಳು. ಸೊಪ್ಪು ಬಿಡಿಸಲಾಯಿತು, ಕಾರು ತೊಳೆಯಲಾಯಿತು. ಯಾರಿಂದ ಎಂದು ಇರಲಿಲ್ಲ. ನಾವು ನಿಶ್ಚಿಂತರಾದೆವು. ಆದರೆ ಪುಟದ ಕೊನೆಯ ಸಾಲನ್ನು ನಾವ್ಯಾರೂ ನೆನೆಸಿಕೊಂಡಿರಲಿಲ್ಲ.

ಕೆಲದಿನ ಕಳೆದು ಹುಬ್ಬಳ್ಳಿ ಅಕ್ಕನ ಫೋನು ಬಂತು.

"ಏನ್ರೀ, ನಿಮ್ಮ ಯಜಮಾನ್ರಿಗೆ ಆರಾಮಿಲ್ಲೇನು?"

"ಯಾಕ್ರೀ? ಚೆನ್ನಾಗಿದ್ದಾರಲ್ಲ. ಮೀಟಿಂಗಲ್ಲಿದ್ದಾರೆ."

"ಮೀಟಿಂಗ್ ಇರ್ಲಿ ಬಿಡ್ರಿ. ಹೋದ ವಾರದಿಂದ ನಿಮ್ಮ ಕೂಸೇ ಮೊದಲು ಮಲಗಾಕತ್ತೈತಿ. ಅವರಿಗೆ ನಿದ್ದಿ ಯಾಕ ಬರವಲ್ದು?"

ನನ್ನ ಬಳಿ ಎಲ್ಲಕ್ಕೂ ಸುಳ್ಳಿತ್ತು, ಇದಕ್ಕೊಂದು ಇರಲಿಲ್ಲ. ಒಲೆ ಮೇಲೆ ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಸಂಜೆ ಯಜಮಾನರೇ ಗೆಸ್ಟ್‌ಬುಕ್ ತೆರೆದರು. ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಎಂದು ಒಬ್ಬರು. ಕಾಫಿ ಬಿಡಿಸಿ ಎಂದು ಇನ್ನೊಬ್ಬರು. ಕಾನ್ಸಸ್ಸಿನ ಹುಡುಗ, "ಅಂಕಲ್‌ಗೆ ಗಸಗಸೆ ಪಾಯಸ ಮಾಡಿಕೊಡಿ, ನಮ್ಮಮ್ಮ ಅದನ್ನೇ ಮಾಡೋರು" ಎಂದು ಬರೆದಿದ್ದ. ಯಾರೂ ಕೆಲಸದ ಸುದ್ದಿ ಎತ್ತಿರಲಿಲ್ಲ. ಎತ್ತದೆ ಇದ್ದ ರೀತಿಯಲ್ಲೇ ಎಲ್ಲರಿಗೂ ಗೊತ್ತಾಗಿದೆಯೆಂದು ತಿಳಿಯುತ್ತಿತ್ತು.

"ಬರೀಬೇಡ ಅಂದಿದ್ನಲ್ಲಮ್ಮಾ," ಅಂದರು.

"ಕೆಲಸದ್ದು ಬರೆದಿಲ್ಲ ಮಾವ. ನೀವು ಮಲಗ್ಲಿಲ್ಲ. ಅದಕ್ಕೆ ಪುಟ್ಟಿ ಹೆಸರು ಬರೆದೆ."

"ಒಂದು ಸಾಲು. ನಾನೇ ಮೊದಲು ಮಲಗಿದೆ ಅಂತ ಹಾಕ್ಬಿಡು. ಯಾರ ಗಂಟು ಹೋಗತ್ತೆ?"

ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟಳು. ನಿಜವಾಗಿ ಪ್ರಯತ್ನ ಮಾಡಿದಳು, ನಾನೇ ನೋಡಿದೆ. ಎರಡು ಅಕ್ಷರ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ಕಣ್ಣಲ್ಲಿ ನೀರು ಬಂತು. "ನೀವು ಮಲಗಿ ಮಾವ. ಮಲಗಿದ ತಕ್ಷಣ ಬರೀತೀನಿ."

ಅವರು ಎದ್ದು ಬಾಲ್ಕನಿಗೆ ಹೋಗಿ ಖಾಲಿ ಕುಂಡದ ಪಕ್ಕ ನಿಂತರು.

ಶನಿವಾರ ಹೇಳದೆ ಕೇಳದೆ ಹುಬ್ಬಳ್ಳಿ ಅಕ್ಕ ಬಂದರು. ಒಂದು ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಎಣ್ಣೆಗಾಯಿಯ ಡಬ್ಬಿ, ಹಿಂದೆ ಅವರ ಯಜಮಾನರು, ರಜಾದಿನವೂ ಟೈ ಕಟ್ಟಿಕೊಂಡು. ನನ್ನವರು ಮುಖ ಗಂಟಿಕ್ಕಿ ಕೂತರು. ಅಕ್ಕ ಪೀಠಿಕೆ ಹಾಕಲಿಲ್ಲ.

"ನಮ್ಮವರ ಕೆಲಸ ಹೋಗಿ ಭಾಳ ದಿನಾತ್ರೀ. ದಿನಾ ಟೈ ಕಟ್ಕೊಂಡು ಹೋಗಿ ಲೈಬ್ರರಿಯಾಗ ಕುಂದರ್ತಾರ. ಇವತ್ತ ಶನಿವಾರ ಅನ್ನೋದೂ ಮರತಾರ, ನೋಡ್ರಿ."

"ನಮಗೆ ಗೊತ್ತೇ ಆಗ್ಲಿಲ್ಲವಲ್ಲ ಅಕ್ಕ," ಅಂದೆ.

"ಹೆಂಗ ಗೊತ್ತಾಗತೈತ್ರಿ? ನಮ್ಮ ಮನ್ಯಾಗ ನಿಮ್ಮ ಹುಡುಗಿ ಇಲ್ಲಲ್ಲ."

ನನ್ನ ಯಜಮಾನರು ಮುಖದ ಗಂಟು ಬಿಚ್ಚಿ ಕೇಳಿದರು, "ಯಾವ ಲೈಬ್ರರಿ?"

"ಪಾಲೋ ಆಲ್ಟೋದ್ದು. ಕುರ್ಚಿ ಚಲೋ ಅದಾವ," ಅಂದರು ಅವರು ಟೈ ಸಡಿಲಿಸುತ್ತ.

"ನನ್ನೂ ಕರೀಬಾರದಾಗಿತ್ತೇನ್ರೀ? ಇಲ್ಲಿ ಸೊಪ್ಪು ಬಿಡಿಸಿ ಬಿಡಿಸಿ ಉಗುರೆಲ್ಲ ಹಸಿರಾಗಿದೆ."

ನಗು ಎಲ್ಲಿಂದ ಬಂತೋ. ಇಬ್ಬರು ದೊಡ್ಡ ಗಂಡಸರು ಕಣ್ಣು ಒರೆಸಿಕೊಳ್ಳುವ ಹಾಗೆ ನಕ್ಕರು. ನಾನು ಒಳಗೆ ಹೋಗಿ ಗಸಗಸೆ ಹುರಿದೆ. ಹೊತ್ತು ಮುಳುಗುವ ಮುಂಚೆಯೇ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಊಟ ಮಾಡಿದೆವು. ನನ್ನವರು ಪಾಯಸ ಎರಡನೇ ಸಲ ಹಾಕಿಸಿಕೊಂಡರು. ಕೈತೊಳೆದು ಬಂದು, ಸೋಫಾದ ಮೇಲೆ ಕೂತು, "ಅಲ್ರೀ, ಆ ಲೈಬ್ರರಿ ಎಷ್ಟೊತ್ತಿಗೆ..." ಎಂದು ಶುರುಮಾಡಿದರು. ಮಾತು ಅಲ್ಲಿಗೇ ನಿಂತಿತು. ಗೊರಕೆ ಶುರುವಾಯಿತು.

"ಡ್ಯಾಡಿ ಈಸ್ ಬ್ಯಾಕ್," ಎಂದು ಪುಟ್ಟಿ ಪಿಸುಗುಟ್ಟಿದಳು.

ಹುಡುಗಿ ಓಡಿ ಬಂದು ಕಂಪ್ಯೂಟರಿನ ಮುಂದೆ ಕೂತು ಪುಟ ಬರೆದು ಮುಗಿಸಿದಳು. ಇನ್ನು ಮೋಡೆಮ್ಮು ಹಚ್ಚುವುದೊಂದೇ ಬಾಕಿ. ಪಕ್ಕದಲ್ಲಿ ಮಾವನ ತಲೆ ಸೋಫಾದ ತೋಳಿಗೆ ಒರಗಿತ್ತು, ಬಾಯಿ ತುಸು ತೆರೆದಿತ್ತು. ಅವಳು ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಮೋಡೆಮ್ಮನ್ನು ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡು ಮೆಲ್ಲಗೆ ಪರದೆ ಆರಿಸಿದಳು.

"ನಾಳೆ ಹಾಕು ಬಿಡೆ," ಎಂದೆ.

"ನಾಳೆ ಹಾಕಿದ್ರೆ ಅದು ನಾಳೆದಾಗುತ್ತೆ ಅತ್ತೆ. ಬೇಡ, ಮಲಗಿರ್ಲಿ."

ಆಮೇಲೆ ಅವರಿಗೆ ಫಾಸ್ಟರ್ ಸಿಟಿಯಲ್ಲಿ ಸಣ್ಣದೊಂದು ಕೆಲಸ ಸಿಕ್ಕಿತು, ನಾವು ಗಂಟು ಕಟ್ಟಲಿಲ್ಲ. ಕಂಪನಿಯ ಕುಂಡದಲ್ಲಿ ಈಗ ಕರಿಬೇವು ಚಿಗುರಿದೆ. ಗುದ್ದಲಿಯವನು ಇನ್ನೂ ಅಗೆಯುತ್ತಲೇ ಇದ್ದಾನೆ, ದಿನದಿನದ ಪುಟಗಳೆಲ್ಲ ಸಾಲಾಗಿವೆ. ಆ ಶನಿವಾರದ್ದೊಂದು ಇಲ್ಲ. ಅವಳು ಹಾಕುವವಳಲ್ಲವಾದ್ದರಿಂದ ನಾನು ಇಲ್ಲಿ ಹಾಕುತ್ತಿದ್ದೇನೆ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಅನ್ನ, ಉಪ್ಸಾರು, ಗಸಗಸೆ ಪಾಯಸ. ಮೊದಲು ಮಲಗಿದವರು, ಮಾವ.