ಹಣಮಂತ್ರಾಯ ಇಳಿಸಿದ ಲೋಡ್

ಬೇಕಾದ ದಿನವೇ ಪ್ರಿಂಟರ್ ಕೈಕೊಟ್ಟಿತು. ಯಲ್ಲವ್ವನ ತಮ್ಮ ಪ್ರೇಮಕುಮಾರ ಅದನ್ನು ಹಿಂದಿನ ವಾರವಷ್ಟೇ ಪುಣೆಯಿಂದ ತಂದುಕೊಟ್ಟು ಹೋಗಿದ್ದ. ಝೆರಾಕ್ಸೂ ಅದರಲ್ಲೇ ಬರುತ್ತಿತ್ತು. ಎರಡು ಸಾವಿರದ ಐದನೆಯ ಇಸವಿ. ತಂಗಡಗಿಯ ಆ ಓಣಿಗೆ ಅದೊಂದೇ.

ಯಲ್ಲವ್ವ ಅಂಗನವಾಡಿ ಕೆಲಸಕ್ಕೆ ಅರ್ಜಿ ಬರೆದಿಟ್ಟಿದ್ದಳು. ಅರ್ಜಿ ಕೊಡಲು ಅದೇ ಕಡೆಯ ದಿನ. ಅರ್ಜಿ ತೆಗೆದುಕೊಳ್ಳಲು ಪಂಚಾಯ್ತಿಯಲ್ಲಿ ಕುಳಿತಿದ್ದ ಮೇಡಮ್ಮು ಹನ್ನೆರಡಕ್ಕೆ ಮುದ್ದೇಬಿಹಾಳದ ಬಸ್ಸು ಹತ್ತುವವರು. ಹತ್ತನೆಯ ಇಯತ್ತೆಯ ಅಂಕಪಟ್ಟಿಯ ಝೆರಾಕ್ಸ್ ಒಂದು ಬಾಕಿ ಇತ್ತು.

ಗಂಡ ಹಣಮಂತ್ರಾಯ ಹನ್ನೊಂದಕ್ಕೆ ಗುಂಡಿ ಒತ್ತಿದ. ಯಂತ್ರ ಪಂಚರ ಮುಂದೆ ಕುಳಿತ ಮುದುಕನ ಹಾಗೆ ಗಂಟಲು ಸರಿಮಾಡಿಕೊಂಡು, ಏನೂ ಹೇಳದೆ ಸುಮ್ಮನಾಯಿತು. ಸಣ್ಣ ಗಾಜಿನಲ್ಲಿ ಇಂಗ್ಲಿಷ್ ಅಕ್ಷರ ಮೂಡಿದವು. ಆತ ಕೂಡಿಸಿ ಓದಿದ.

“ಲೋಡ್... ಪೇಪರ್. ತಿಳೀತ ಬಿಡು. ಕರೆಂಟಿನ ಲೋಡ್ ಭಾಳ ಆಗೇತಿ. ಅದಕ್ಕ ಪೇಪರ್ ಬರವಲ್ದು.”

ಬಲ್ಬು ಮಿಣುಕಿದರೂ ಪಂಪು ಸುಟ್ಟರೂ ಊರಲ್ಲಿ ಹೇಳುವ ಕಾರಣ ಅದೊಂದೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಪಕ್ಕದ ಮನೆಯ ಕಾಶಿಬಾಯಿ ಗೋಡೆಯ ಮೇಲಿಂದ ಇಣುಕಿದಳು. “ನಮ್ಮ ಫ್ರಿಜ್ಜಿಂದ ಇರಬೇಕ ತಮ್ಮಾ, ತಡಿ ಆರಸ್ತೇನಿ. ನೌಕರಿ ಬಂದ ಮ್ಯಾಲ ನಮ್ಮ ಮೊಮ್ಮಗಗ ಒಂದು ಚಮಚ ಉಪ್ಪಿಟ್ಟು ಹೆಚ್ಚಿಗಿ ಹಾಕಾಕ ಹೇಳ ನಿನ್ನ ಹೇಂತಿಗೆ.”

ಫ್ರಿಜ್ಜು ಆರಿತು. ಅಕ್ಷರ ಆರಲಿಲ್ಲ.

ಎದುರಿನ ಹಿಟ್ಟಿನ ಗಿರಣಿಯ ಚಮನಸಾಬನಿಗೆ ಅದು ಮಾನದ ಪ್ರಶ್ನೆಯಾಯಿತು. “ಆ ಫ್ರಿಜ್ಜಿಂದೇನು ಲೋಡ್ರಿ? ಓಣ್ಯಾಗ ದೊಡ್ಡ ಲೋಡ್ ಅಂದ್ರ ನಂದು!” ಎಂದು ಗಿರಣಿಯನ್ನೇ ನಿಲ್ಲಿಸಿದ.

ಬುಟ್ಟಿ ಹಿಡಿದು ಪಾಳಿಯಲ್ಲಿ ನಿಂತಿದ್ದ ಹನಮವ್ವ ನೇರ ಹಣಮಂತ್ರಾಯನ ಬಾಗಿಲಿಗೇ ಬಂದಳು. “ಅರ್ಧಾ ಹಿಟ್ಟು, ಅರ್ಧಾ ಜ್ವಾಳ! ನಾ ಈಗ ರೊಟ್ಟಿ ಬಡೀಲೋ ಗುಗ್ಗರಿ ಕುದಸ್ಲೋ? ಏನ್ ಹಡಿತೈತಿ ನಿನ್ನ ಡಬ್ಬಿ?”

“ಲೋಡ್ ಇಳೀಲಿ ಯವ್ವಾ, ಹಡಿತೈತಿ.”

ಫ್ಯಾನು, ಟೀವಿ, ಒಂದೊಂದೇ ನಿಂತವು. ಮಂದಿ ಬೆವರು ಒರೆಸಿಕೊಳ್ಳುತ್ತ ಯಂತ್ರದ ಸುತ್ತ ನೆರೆದರು. ಹಣಮಂತ್ರಾಯ ಮತ್ತೆ ಒತ್ತಿದ. ಅದೇ ಲೋಡ್, ಅದೇ ಪೇಪರ್. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

ಅರ್ಜಿ ಹಿಡಿದು ನಿಂತಿದ್ದ ಯಲ್ಲವ್ವ ಗಂಡನನ್ನು ಪಕ್ಕಕ್ಕೆ ಸರಿಸಿದಳು. “ಕಬ್ಬ ಲೋಡ್ ಮಾಡೂದು ಅಂದ್ರ ಏನ್ರಿ?”

“ಗಾಡಿಗೆ ಹೇರೂದು.”

“ಹಂಗಾರ ಇದು ಹಾಳಿ ಹೇರ್ರಿ ಅನ್ನಾಕತ್ತೈತಿ! ಅದರ ಹೊಟ್ಟ್ಯಾಗ ಒಂದರೆ ಹಾಳಿ ಐತೇನ ನೋಡೀರಿ?”

ಒಂದೂ ಇರಲಿಲ್ಲ. ಅರ್ಜಿಗೆಂದು ತಂದು ಉಳಿದಿದ್ದ ಬಿಳಿ ಹಾಳೆ ಇಟ್ಟು ಒತ್ತಿದಳು. ಯಂತ್ರ ಅದನ್ನು ಗಬಕ್ಕನೆ ಎಳೆದುಕೊಂಡಿತು. ಹಾಳೆ ನಿಧಾನವಾಗಿ ಈಚೆ ಬರತೊಡಗಿತು. ಶಾಲೆಯ ಹೆಸರು ಬಂತು, ಯಲ್ಲವ್ವನ ಹೆಸರು ಬಂತು, ಕನ್ನಡ ವಿಷಯ ಎಂಬಲ್ಲಿಗೆ ಬಂತು. ಅಂಕ ಬರುವಷ್ಟರಲ್ಲಿ ಖಟ್ ಎಂದು ಎಲ್ಲ ನಿಂತಿತು.

ಹೊರಗೆ ಕಂಬದ ಬುಡದಿಂದ ಲೈನಮನ್ ಶಮಶುದ್ದೀನ ಕೂಗಿದ:

“ಹಣಮಂತ್ರಾಯರ, ಕಾಶಿಬಾಯಿ ಹೇಳಿ ಕಳಿಸಿದ್ರರಿ! ಒಂದೊಂದ ಮನಿ ಆರಿಸಿ ಎಷ್ಟ ಇಳಿಸ್ತೀರಿ? ಕರೆಂಟ್ ಸ್ಟೇಶನ್ನಿಗೆ ಫೋನ್ ಹಚ್ಚಿ ಇಡೀ ಊರಿನ ಲೈನ್ ತಗಸೇನಿ. ಸಂಜಿ ಆರರ ತನಕಾ ಒಂದ ಚೂರೂ ಲೋಡ್ ಇರಂಗಿಲ್ಲ. ಆರಾಮ ಝೆರಾಕ್ಸ್ ತಕ್ಕೋರಿ!”